ಹಿತ್ತಲ ಒಲೆಗೆ ಮುಂಬಯಿಯಲ್ಲಿ ಜಾಗವೆಲ್ಲಿ?

ಡಿಸೆಂಬರ್ ಬಂತೆಂದರೆ ಮುಂಬಯಿಯವರಿಗೆ ಸಂಜೆ ಮನೆಯೊಳಗೆ ಕೂರಲು ಮನಸ್ಸಾಗುವುದಿಲ್ಲ. ಬೆವರೂ ಮಳೆಯೂ ಹಿಂದೆ ಸರಿದು, ಹೊರಗೆ ಹಿತವಾದ ಗಾಳಿ ಆಡುವ ಎರಡು-ಮೂರು ತಿಂಗಳು ಇವು. ಅಂಗಳದಲ್ಲಿ ನಾಲ್ಕು ಕುರ್ಚಿ ಹಾಕಿ, ಕೆಂಡದ ಮೇಲೆ ಬಂಗುಡೆಯನ್ನೋ ಜೋಳದ ತೆನೆಯನ್ನೋ ಸುಟ್ಟು, ನೆಂಟರಿಷ್ಟರ ಜೊತೆ ಬಿಸಿಬಿಸಿ ತಿನ್ನಬೇಕೆನಿಸುತ್ತದೆ. ಕರ್ಜತ್, ಬದಲಾಪುರ, ವಸಯಿ, ಅಲಿಬಾಗ್ ಕಡೆ ಜಾಗ ಕೊಂಡು ಮನೆ ಕಟ್ಟಿಸುವವರು ಈಗ ನಕ್ಷೆಯಲ್ಲೇ ಹಿತ್ತಲ ಒಲೆಯನ್ನು ಬರೆಸುತ್ತಿದ್ದಾರೆ. ಬಾರ್ಬೆಕ್ಯೂ, ತಂದೂರ್, ಪಿಜ್ಜಾ ಒಲೆ, ಸುತ್ತ ಕೂತು ಚಳಿ ಕಾಯಿಸುವ ಬೆಂಕಿಗುಂಡಿ, ಹೀಗೆ ಆಸೆಗಳ ಪಟ್ಟಿ ಬೆಳೆಯುತ್ತದೆ. ನಗರದ ಫ್ಲ್ಯಾಟುಗಳಲ್ಲಿ ಇರುವವರ ಕಣ್ಣು ಟೆರೇಸಿನ ಮೇಲೋ ಬಾಲ್ಕನಿಯ ಮೂಲೆಯ ಮೇಲೋ ಇರುತ್ತದೆ.

ಆಸೆ ತಪ್ಪಲ್ಲ. ಬಯಲಿನಲ್ಲಿ ಬೇಯಿಸಿ ಒಟ್ಟಿಗೆ ಕೂತು ಉಣ್ಣುವುದು ಮನುಷ್ಯರನ್ನು ಹತ್ತಿರ ತರುವ ಹಳೆಯ ಸುಖ. ಆದರೆ ಮುಂಬಯಿಯಂಥ ಊರಿನಲ್ಲಿ ಯಾವ ಒಲೆ ಕೊಳ್ಳಬೇಕೆಂಬುದು ಕೊನೆಯ ಪ್ರಶ್ನೆ. ಒಲೆ ಕೂರುವ ನೆಲ ಯಾವುದು, ಅದರ ಹೊಗೆ ಯಾರ ಕಿಟಕಿಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳು ಮೊದಲು ಬರಬೇಕು. ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಸಾಮಾನ್ಯ ಇಟ್ಟಿಗೆ ಒಲೆಯೂ ಸುಖ ಕೊಡುತ್ತದೆ. ಸಿಗದಿದ್ದರೆ ಲಕ್ಷ ರೂಪಾಯಿಯ ಉಪಕರಣವೂ ಅಪಾಯವೇ.

ಈ ನೆಲಕ್ಕೆ ಹೊಸತಲ್ಲ

ಹೊರಗಿನ ಅಡುಗೆಯನ್ನು ವಿದೇಶಿ ಶೋಕಿ ಎಂದು ತಿಳಿಯಬೇಕಾಗಿಲ್ಲ. ಈ ಸೀಮೆಯ ಮೂಲನಿವಾಸಿಗಳು ತಲೆಮಾರುಗಳಿಂದ ಅಂಗಳದಲ್ಲಿ ಬೆಂಕಿ ಹೊತ್ತಿಸಿದ್ದಾರೆ. ಬಾಂದ್ರಾ, ಗೋರಾಯಿ, ವಸಯಿಯ ಈಸ್ಟ್ ಇಂಡಿಯನ್ ಕ್ರೈಸ್ತ ಕುಟುಂಬಗಳು ವರ್ಷಕ್ಕಾಗುವಷ್ಟು ‘ಬಾಟಲಿ ಮಸಾಲೆ’ ಮಾಡಿಕೊಳ್ಳುವುದು ಮಳೆಗಾಲಕ್ಕೆ ಮೊದಲಿನ ಬಿರುಬೇಸಗೆಯಲ್ಲಿ. ಒಣಗಿಸಿದ ಮೆಣಸಿನಕಾಯಿಯನ್ನೂ ಮಸಾಲೆ ಸಾಮಾನುಗಳನ್ನೂ ಸೌದೆ ಒಲೆಯ ಮೇಲೆ ಹುರಿದು, ಉದ್ದದ ಒನಕೆಗಳಿಂದ ಕುಟ್ಟಿ, ಬೆಳಕು ತಾಗದ ಗಾಢ ಬಣ್ಣದ ಬಾಟಲಿಗಳಲ್ಲಿ ತುಂಬುತ್ತಾರೆ. ಮೆಣಸಿನ ಘಾಟಿಗೆ ಮನೆಯೊಳಗೆ ಜಾಗವಿಲ್ಲವೆಂದೇ ಆ ಕೆಲಸ ಅಂಗಳಕ್ಕೆ ಬಂತು.

ರಾಯಗಡ ಜಿಲ್ಲೆಯ ‘ಪೋಪಟಿ’ ಇನ್ನೊಂದು ಒಳ್ಳೆಯ ಉದಾಹರಣೆ. ಅಲಿಬಾಗ್, ಪೇಣ್, ರೋಹಾ, ಕರ್ಜತ್ ಸುತ್ತ ಚಳಿಗಾಲದಲ್ಲಿ ‘ವಾಲ್’ ಕಾಯಿ ಬಲಿಯುತ್ತದೆ. ಅದು ನಮ್ಮ ಅವರೆಯ ಬಳಗವೇ. ಮಣ್ಣಿನ ಮಡಕೆಯ ಒಳಗೆ ‘ಭಾಂಬುರ್ಡಾ’ ಎಂಬ ಪರಿಮಳದ ಸೊಪ್ಪು ಹಾಸಿ, ಕಾಯಿ, ಬಟಾಟೆ, ಮೊಟ್ಟೆ, ಮಸಾಲೆ ಹಚ್ಚಿದ ಕೋಳಿ ತುಂಬಿ, ಬಾಯಿಗೂ ಅದೇ ಸೊಪ್ಪು ತುರುಕುತ್ತಾರೆ. ಮಡಕೆಯನ್ನು ಕೊಯ್ಲಾದ ಗದ್ದೆಯಲ್ಲಿ ಕವುಚಿಟ್ಟು ಸುತ್ತ ಹುಲ್ಲು, ಕಡ್ಡಿ, ತೆಂಗಿನ ಗರಿ ಹೊತ್ತಿಸುತ್ತಾರೆ. ನೀರು ಹಾಕುವುದಿಲ್ಲ, ಸೊಪ್ಪಿನ ಮತ್ತು ಕಾಯಿಯ ತೇವದಲ್ಲೇ ಎಲ್ಲ ಬೇಯುತ್ತದೆ. ಗುಜರಾತಿನ ವಲ್ಸಾಡ್ ಕಡೆಯ ‘ಉಂಬಾಡಿಯು’ ಕೂಡ ಇದೇ ಜಾತಿಯ ಅಡುಗೆ.

ಧಾರಾವಿಯಲ್ಲಿ ಪೊಂಗಲ್ ದಿನ ತಮಿಳು ಕುಟುಂಬಗಳು ಬೀದಿಬದಿಯಲ್ಲೇ ಸಾಲಾಗಿ ಒಲೆ ಹೂಡಿ ಹೊಸ ಮಡಕೆಯಲ್ಲಿ ಹಾಲುಕ್ಕಿಸುತ್ತವೆ. ಕರಾವಳಿಯಿಂದ ಬಂದ ನಮ್ಮವರಿಗೂ ಇದು ಗೊತ್ತಿದ್ದ ಲೋಕ. ಸ್ನಾನದ ಹಂಡೆ ಕಾಯಿಸುವ ಒಲೆ, ಮದುವೆಗೆ ಮನೆಯ ಹಿಂದೆ ನೆಲ ತೋಡಿ ಹೂಡುತ್ತಿದ್ದ ಉದ್ದದ ಒಲೆ, ಎಣ್ಣೆ ಸಿಡಿಯುತ್ತದೆಂದು ಮನೆಯಿಂದ ದೂರ ಒಯ್ದು ಸುಡುತ್ತಿದ್ದ ಗೇರುಬೀಜ, ಯಾವುದೂ ಎಲ್ಲೆಂದರಲ್ಲಿ ಇರುತ್ತಿರಲಿಲ್ಲ. ಪ್ರತಿ ಬೆಂಕಿಗೂ ಗೊತ್ತಾದ ಜಾಗವಿತ್ತು, ಕಾಲವಿತ್ತು, ಅದನ್ನು ಕಾಯುವ ಒಬ್ಬರಿದ್ದರು. ಇಂದು ಹೊಸದಾಗಿ ಒಲೆ ಕಟ್ಟುವವರು ಆ ಹಿರಿಯರಿಂದ ಕಲಿಯಬೇಕಾದದ್ದು ಈ ವಿವೇಕವನ್ನು.

ಹೊಗೆಯ ಲೆಕ್ಕ

ಮುಂಬಯಿಯ ದೊಡ್ಡ ತೊಡಕೆಂದರೆ, ಹೊರಗೆ ಕೂರಲು ಹಿತವಾದ ತಿಂಗಳುಗಳಲ್ಲೇ ಊರಿನ ಗಾಳಿ ಅತಿ ಕೆಟ್ಟದಾಗಿರುತ್ತದೆ. ಮಳೆಗಾಲದಲ್ಲಿ ನೈರುತ್ಯದ ಬಿರುಗಾಳಿಯೂ ನೀರೂ ಹೊಗೆ-ಧೂಳನ್ನು ತೊಳೆದು ಹಾಕುತ್ತವೆ. ಚಳಿಗಾಲದಲ್ಲಿ ಹಾಗಲ್ಲ. ರಾತ್ರಿ ನೆಲ ಬೇಗ ತಣಿದು, ಅದರ ಮೇಲಿನ ತಂಪು ಗಾಳಿ ಕೆಳಗೇ ನಿಲ್ಲುತ್ತದೆ. ಮೇಲಿನ ಬೆಚ್ಚನೆಯ ಪದರ ಅದನ್ನು ಏರಗೊಡುವುದಿಲ್ಲ. ಕೆಳಗೆ ಹುಟ್ಟಿದ ಹೊಗೆ ಕೆಳಗೇ ಸುತ್ತುತ್ತದೆ. ಒಂದು ಮನೆಯ ಕೆಂಡದ ಹೊಗೆ ಊರಿಗೆ ದೊಡ್ಡದಲ್ಲದಿರಬಹುದು. ಪಕ್ಕದ ಮನೆಯಲ್ಲಿ ಉಬ್ಬಸವಿರುವ ಮಗುವಿಗೆ, ಹೃದಯದ ಕಾಯಿಲೆಯಿರುವ ಅಜ್ಜಿಗೆ ಅದು ದೊಡ್ಡದೇ.

ಬಾಂಬೆ ಹೈಕೋರ್ಟ್ ನಗರದ ವಾಯುಮಾಲಿನ್ಯದ ವಿಷಯವನ್ನು ಸ್ವತಃ ಕೈಗೆತ್ತಿಕೊಂಡು, 2025ರ ಜನವರಿ 9ರಂದು ಒಂದು ಮುಖ್ಯ ಆದೇಶ ಕೊಟ್ಟಿತು. ಸೌದೆ ಮತ್ತು ಕಲ್ಲಿದ್ದಲಿನಿಂದ ನಡೆಯುವ ಬೇಕರಿ ಭಟ್ಟಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕು ಎಂಬುದು ಅದರ ಸಾರ. ಅದರ ಬೆನ್ನಿಗೆ ಮಹಾನಗರಪಾಲಿಕೆ ಬೇಕರಿಗಳಿಗೂ ಇದ್ದಿಲಿನ ತಂದೂರ್ ಇಟ್ಟಿರುವ ಹೋಟೆಲು, ಢಾಬಾಗಳಿಗೂ ನೋಟಿಸು ಕಳಿಸಿ ಜುಲೈ 8ರ ಗಡುವು ಕೊಟ್ಟಿತು. ನಮ್ಮವರ ಎಷ್ಟೋ ಹೋಟೆಲುಗಳಲ್ಲಿ ಆಗ ಈ ಮಾತೇ ಮಾತಾಗಿತ್ತು.

ಈ ಆದೇಶ ವ್ಯಾಪಾರದ ಭಟ್ಟಿಗಳ ಕುರಿತದ್ದು. ಮನೆಯವರು ವರ್ಷಕ್ಕೆರಡು ಸಲ ಹೊತ್ತಿಸುವ ಒಲೆಯ ಕುರಿತದ್ದಲ್ಲ. ಆದರೂ ಅದರ ಹಿಂದಿನ ಕಾರಣ ಎಲ್ಲರಿಗೂ ಒಂದೇ. ಹೊಟ್ಟೆಪಾಡಿಗೆ ಪಾವ್ ಸುಡುವವನಿಗೆ ಸೌದೆ ಬಿಡು ಎಂದಿರುವ ಊರಿನಲ್ಲಿ, ಸಂತೋಷಕ್ಕೆ ಬೆಂಕಿ ಹೊತ್ತಿಸುವವರು ಅವನಿಗಿಂತ ಹೆಚ್ಚು ಎಚ್ಚರ ವಹಿಸುವುದು ನ್ಯಾಯ.

ಟೆರೇಸಿನ ಮೇಲೆ ಕೆಂಡ ಬೇಡ

ಫ್ಲ್ಯಾಟಿನವರು ಮೊದಲು ಕೇಳುವುದು ಟೆರೇಸಿನ ಬಗ್ಗೆ. ನನ್ನ ಉತ್ತರ ಸ್ಪಷ್ಟ: ಬಹುಮಹಡಿ ಕಟ್ಟಡದ ಟೆರೇಸಿನ ಮೇಲೆ ಸೌದೆ, ಇದ್ದಿಲು, ತೆರೆದ ಜ್ವಾಲೆ ಯಾವುದೂ ಬೇಡ.

ಲೋವರ್ ಪರೇಲ್‌ನ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ನಡೆದದ್ದನ್ನು ಈ ಊರು ಮರೆಯಬಾರದು. ಮಾಳಿಗೆಯ ಮೇಲಿನ ರೆಸ್ಟೋರೆಂಟುಗಳಿಗೆ ಹಬ್ಬಿದ ಬೆಂಕಿಗೆ 14 ಜನ ಬಲಿಯಾದರು. ಹುಕ್ಕಾಕ್ಕೆ ಬಳಸುತ್ತಿದ್ದ ಇದ್ದಿಲಿನ ಕಿಡಿ ಹಾರಿ ಪರದೆಗೆ ತಾಗಿದ್ದು ಕಾರಣವಿರಬೇಕೆಂದು ಅಗ್ನಿಶಾಮಕ ದಳದ ತನಿಖಾ ವರದಿ ಹೇಳಿತು. ಮೇಲೆ ಹೋದಷ್ಟೂ ಗಾಳಿಯ ಬೀಸು ಹೆಚ್ಚು. ನೆಲದಲ್ಲಿ ಒಲೆಯ ಬುಡದಲ್ಲೇ ಆರುವ ಕಿಡಿ, ಮಾಳಿಗೆಯಿಂದ ಹಾರಿದರೆ ಕೆಳಗಿನ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗೋ ಪಕ್ಕದ ಕಟ್ಟಡದ ಪ್ಲಾಸ್ಟಿಕ್ ಹೊದಿಕೆಗೋ ತಲುಪುತ್ತದೆ. ಮಳೆಗೆಂದು ಕಟ್ಟಿದ ನೀಲಿ ತಾಡಪಾಲು ಮುಂಬಯಿಯಲ್ಲಿ ಎಲ್ಲಿಲ್ಲ ಹೇಳಿ?

ಕಟ್ಟಡಕ್ಕೂ ಇದು ಕೆಡುಕು. ಕೆಂಡದ ಶಾಖ 600 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಕಾಂಕ್ರೀಟು ಸುಮಾರು 300 ಡಿಗ್ರಿಯಿಂದಲೇ ಬಲ ಕಳೆದುಕೊಳ್ಳತೊಡಗುತ್ತದೆ. ಒಳಗೆ ಅಡಗಿದ ತೇವ ಆವಿಯಾಗಿ ಮೇಲ್ಪದರ ಸಿಡಿಯುವುದೂ ಉಂಟು. ಅದಕ್ಕಿಂತ ಮೊದಲು ಹಾಳಾಗುವುದು ನೀರು ಇಳಿಯದಂತೆ ಹಾಕಿಸಿದ ವಾಟರ್‌ಪ್ರೂಫಿಂಗ್. ಅದು ಬಿರಿದರೆ ಮುಂದಿನ ಜುಲೈಯಲ್ಲಿ ಮೇಲಿನ ಮಹಡಿಯವರ ಮನೆ ಸೋರುತ್ತದೆ.

ಇನ್ನು ಹಕ್ಕಿನ ಮಾತು. ಹೌಸಿಂಗ್ ಸೊಸೈಟಿಯ ಟೆರೇಸು ಎಲ್ಲ ಸದಸ್ಯರಿಗೂ ಸೇರಿದ್ದು, ಮೇಲಿನ ಮಹಡಿಯವರ ಸ್ವಂತದ್ದಲ್ಲ. ಅಗ್ನಿ ಅನಾಹುತದಲ್ಲಿ ಜನ ನಿಲ್ಲಲೆಂದು ಎತ್ತರದ ಕಟ್ಟಡಗಳಲ್ಲಿ ಬಿಟ್ಟಿರುವ ಆಸರೆಯ ಜಾಗವನ್ನಂತೂ ಯಾವ ಸಮಾರಂಭಕ್ಕೂ ಬಳಸಬಾರದು. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷಾ ಕಾಯ್ದೆಯ ಪ್ರಕಾರ ಕಟ್ಟಡದ ಅಗ್ನಿಶಾಮಕ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವನ್ನು ಜನವರಿ ಮತ್ತು ಜುಲೈಯಲ್ಲಿ, ವರ್ಷಕ್ಕೆ ಎರಡು ಸಲ ಸಲ್ಲಿಸುವುದು ಮಾಲೀಕರ ಅಥವಾ ಸೊಸೈಟಿಯ ಹೊಣೆ. ನಿಮ್ಮ ಸೊಸೈಟಿ ಅದನ್ನು ಸಲ್ಲಿಸಿದೆಯೇ ಎಂದು ವಿಚಾರಿಸುವುದು ಟೆರೇಸಿನಲ್ಲಿ ಒಲೆ ಹೂಡುವುದಕ್ಕಿಂತ ತುರ್ತಿನ ಕೆಲಸ.

ಹಾಗಾದರೆ ಫ್ಲ್ಯಾಟಿನವರಿಗೆ ಏನೂ ಇಲ್ಲವೇ? ಇದೆ. ಸ್ವಂತ ಬಾಲ್ಕನಿಯಲ್ಲಿ ವಿದ್ಯುತ್ ಗ್ರಿಲ್ ಇಟ್ಟುಕೊಳ್ಳಬಹುದು. ಇಂಥವು ಸಾಮಾನ್ಯವಾಗಿ 1,500ರಿಂದ 2,000 ವಾಟ್ ಎಳೆಯುವುದರಿಂದ 16 ಆಂಪಿಯರಿನ ಪ್ರತ್ಯೇಕ ಪ್ಲಗ್ ಬೇಕು. ಸಾಮಾನ್ಯ ಎಕ್ಸ್‌ಟೆನ್ಷನ್ ತಂತಿ ಸಾಲದು. ಹೊಗೆಯ ಪರಿಮಳವೇ ಬೇಕೆನ್ನುವವರಿಗೆ ಉತ್ತರ ಭಾರತದ ‘ಧುಂಗಾರ್’ ಇದೆ: ಸಿದ್ಧವಾದ ಅಡುಗೆಯ ನಡುವೆ ಪುಟ್ಟ ಬಟ್ಟಲಿಟ್ಟು, ಅದರಲ್ಲಿ ಒಂದೇ ಒಂದು ಕೆಂಡಕ್ಕೆ ತುಪ್ಪ ಬಿಟ್ಟು ಮುಚ್ಚಳ ಮುಚ್ಚುವುದು.

ಜಾಗ, ಗಾಳಿ, ಮರ

ನಿಜವಾದ ಹಿತ್ತಲಿರುವ ಅದೃಷ್ಟವಂತರು ಒಲೆ ಕಟ್ಟುವ ಮೊದಲು ಕೆಲವು ಸಂಜೆ ಸುಮ್ಮನೆ ಅಲ್ಲಿ ಕೂತು ಗಾಳಿ ನೋಡಬೇಕು. ಚಳಿಗಾಲದ ಮಧ್ಯಾಹ್ನದಿಂದ ಸಂಜೆಯವರೆಗೆ ಕರಾವಳಿಯಲ್ಲಿ ಗಾಳಿ ಸಮುದ್ರದ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ರಾತ್ರಿಯಾದಂತೆ ಅದು ತಿರುಗಿ ನೆಲದಿಂದ ಸಮುದ್ರದತ್ತ ಹರಿಯುತ್ತದೆ. ಅಂದರೆ ಐದು ಗಂಟೆಗೆ ರಸ್ತೆಯತ್ತ ಹೋಗುತ್ತಿದ್ದ ಹೊಗೆ ಹತ್ತು ಗಂಟೆಗೆ ನೆರೆಮನೆಯ ಮಲಗುವ ಕೋಣೆಗೆ ನುಗ್ಗಬಹುದು. ಎರಡೂ ದಿಕ್ಕಿಗೆ ತೊಂದರೆಯಾಗದ ಮೂಲೆಯೇ ಒಲೆಯ ಜಾಗ.

ಗೋಡೆ, ಬೇಲಿ, ಮರದ ಚಪ್ಪರ, ವಿದ್ಯುತ್ ತಂತಿ ಯಾವುದೇ ಇರಲಿ, ಒಲೆಯಿಂದ ಕನಿಷ್ಠ ಹತ್ತು ಅಡಿ ದೂರವಿರಲಿ. ತೆರೆದ ಬೆಂಕಿಗುಂಡಿಯಾದರೆ ಇದರ ಎರಡು ಪಟ್ಟು. ಮಾವು, ತೆಂಗಿನ ಕೆಳಗೆ ಒಲೆ ಬೇಡ. ತೆಂಗಿನ ಒಣಗರಿ, ಜಾಳಿಗೆಗಳು ಕಿಡಿಗೆ ಕಾದು ಕೂತಂತೆ ಇರುತ್ತವೆ, ಬೇರಿಗೆ ನಿತ್ಯ ಶಾಖ ತಾಗಿದರೆ ಮರವೂ ಸೊರಗುತ್ತದೆ. ಒಲೆಗೆ ಅಡ್ಡವೆಂದು ಮರ ಕಡಿಯಹೊರಟರೆ, ಪಾಲಿಕೆ ವ್ಯಾಪ್ತಿಯಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮುಂಚಿತ ಅನುಮತಿ ಬೇಕು.

ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಆರೇ ಕಾಲನಿಯ ಅಂಚಿನಲ್ಲಿರುವವರು ಇನ್ನೂ ಹುಷಾರಾಗಿರಬೇಕು. 2018ರ ಡಿಸೆಂಬರಿನಲ್ಲಿ ಗೋರೆಗಾಂವ್ ಪೂರ್ವದ ಗುಡ್ಡಗಾಡಿನಲ್ಲಿ ಹೊತ್ತಿದ ಬೆಂಕಿ ರಾತ್ರಿಯಿಡೀ ಒಣಹುಲ್ಲನ್ನು ತಿಂದಿತ್ತು. ಮಡ್, ಗೋರಾಯಿ, ಅಲಿಬಾಗ್‌ನ ಕಡಲ ತೀರದಲ್ಲಿ ಕಾಯಂ ಕಟ್ಟೆ ಕಟ್ಟುವ ಮುಂಚೆ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆಯೇ ಎಂದು ವಾಸ್ತುಶಿಲ್ಪಿಯಿಂದ ತಿಳಿದುಕೊಳ್ಳಿ. ಸೊಸೈಟಿಗಳ ನೆಲಮಹಡಿಯವರು ಕಟ್ಟಡದ ಸುತ್ತ ಅಗ್ನಿಶಾಮಕ ವಾಹನಕ್ಕೆಂದು ಬಿಟ್ಟ ದಾರಿಯನ್ನು ಹಿತ್ತಲೆಂದು ಭಾವಿಸಬಾರದು.

ಕಲ್ಲು, ಇಟ್ಟಿಗೆ, ಉಪ್ಪುಗಾಳಿ

ಮುಂಬಯಿಯ ಹೊರಗಿನ ಒಲೆಗೆ ಬೆಂಕಿಗಿಂತ ದೊಡ್ಡ ಶತ್ರು ನೀರು. ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸರಾಸರಿ ಸುಮಾರು 2,300 ಮಿಲಿಮೀಟರ್ ಮಳೆ ಬೀಳುತ್ತದೆ. ಕ್ಯಾಲಿಫೋರ್ನಿಯಾದ ಒಣ ಹವೆಗೆ ರೂಪಿಸಿದ ಹಿತ್ತಲ ಅಡುಗೆಮನೆಯ ಚಿತ್ರ ತೋರಿಸಿ ಹಾಗೆಯೇ ಕಟ್ಟಿ ಎಂದರೆ ಎರಡು ಮಳೆಗಾಲದಲ್ಲಿ ಅದರ ಕಥೆ ಮುಗಿಯುತ್ತದೆ.

ಆದ್ದರಿಂದ ಕಟ್ಟೆ ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಲಿ, ನೀರು ಹರಿದು ಹೋಗುವಂತೆ ಇಳಿಜಾರಿರಲಿ. ಮೈಗೆ ಕೊಂಕಣದ ಕೆಂಪುಕಲ್ಲು ಚೆನ್ನ. ನಮ್ಮ ಕರಾವಳಿಯ ಮುರಕಲ್ಲೇ ಅದು. ಬೆಂಕಿ ನೇರ ತಾಗುವ ಒಳಮೈಗೆ ಮಾತ್ರ ಅಂಗಡಿಯಲ್ಲಿ ‘ಫೈರ್ ಬ್ರಿಕ್’ ಎಂದು ಕೇಳಿ ತರುವ ಇಟ್ಟಿಗೆಯನ್ನೂ ಅದಕ್ಕೆಂದೇ ಸಿಗುವ ಜೇಡಿಗಾರೆಯನ್ನೂ ಬಳಸಬೇಕು. ಬರಿಯ ಸಿಮೆಂಟ್ ಗಾರೆ ಶಾಖಕ್ಕೆ ಬಿರಿಯುತ್ತದೆ. ಹೊಳೆಯಿಂದ ತಂದ ನುಣುಪು ಕಲ್ಲನ್ನು ಬೆಂಕಿಯ ಸುತ್ತ ಜೋಡಿಸುವುದು ಚಂದ ಕಂಡರೂ ಅಪಾಯ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಪಕ್ಕದ ಕೆಲಸದ ಕಟ್ಟೆಗೆ ಕಡಪವೋ ಗ್ರಾನೈಟೋ ಆದೀತು, ಆದರೆ ಬಿಸಿ ತಟ್ಟೆಯನ್ನು ನೇರ ಅದರ ಮೇಲಿಡಬೇಡಿ.

ಲೋಹಕ್ಕೆ ಉಪ್ಪುಗಾಳಿಯ ಕಾಟ. ಅಡುಗೆಮನೆಗೆ ಸಾಕಾಗುವ 304 ದರ್ಜೆಯ ಸ್ಟೀಲು ಸಮುದ್ರದ ಹತ್ತಿರ ಕಂದು ಕಲೆ ಕಟ್ಟುತ್ತದೆ. ಮಾಲಿಬ್ಡಿನಮ್ ಬೆರೆತ 316 ದರ್ಜೆ ದುಬಾರಿಯಾದರೂ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ವರ್ಸೋವಾ, ಬಾಂದ್ರಾ, ಅಲಿಬಾಗ್‌ನವರು ಈ ಅಂಕಿಯನ್ನು ಕೇಳಿಯೇ ಕೊಳ್ಳಲಿ.

ಹೊಸ ಒಲೆಗೂ, ಮಳೆಗಾಲ ಮುಗಿದ ಮೇಲಿನ ಹಳೆಯ ಒಲೆಗೂ ಒಂದೇ ನಿಯಮ: ಮೊದಲ ಕೆಲವು ದಿನ ಸಣ್ಣ ಬೆಂಕಿ. ನಾಲ್ಕು ತಿಂಗಳು ನೀರು ಕುಡಿದ ಇಟ್ಟಿಗೆಗೆ ಅಕ್ಟೋಬರಿನ ಮೊದಲ ದಿನವೇ ಭರ್ಜರಿ ಉರಿ ಕೊಟ್ಟರೆ ಬಿರುಕು ಖಂಡಿತ. ತಂದೂರಿನ ಜೇಡಿಮಣ್ಣಿಗಂತೂ ಈ ತಾಳ್ಮೆ ಇನ್ನೂ ಹೆಚ್ಚು ಬೇಕು.

ಯಾವ ಉರಿ?

ಬೇಯಿಸುವುದು, ಕುದಿಸುವುದು, ಹಬೆಯಾಡಿಸುವುದು, ದೋಸೆ ಹುಯ್ಯುವುದು ಇವಕ್ಕೆ ಗ್ಯಾಸು ಸಾಕು. ಪತ್ರೊಡೆಯ ಹಬೆಗೆ ಕೆಳಗಿನ ಉರಿ ಯಾವುದಾದರೂ ವ್ಯತ್ಯಾಸವಿಲ್ಲ. ಸುಟ್ಟ ಮೀನು, ಕಬಾಬಿನ ಘಮದಲ್ಲೂ ಬಹುಪಾಲು ಹುಟ್ಟುವುದು ಜಿಡ್ಡು ತೊಟ್ಟಿಕ್ಕಿ ಕಾದ ಮೇಲ್ಮೈಗೆ ಬಿದ್ದು ಹೊಗೆಯಾಗುವಾಗ. ಕಾದ ಲೋಹದ ಪಟ್ಟಿಯೋ ಲಾವಾ ಕಲ್ಲೋ ಇರುವ ಗ್ಯಾಸ್ ಗ್ರಿಲ್ ಆ ಘಮವನ್ನು ಬಹುಮಟ್ಟಿಗೆ ಕೊಡುತ್ತದೆ. ಆದ್ದರಿಂದ ನಗರ ಮತ್ತು ಉಪನಗರದ ಹಿತ್ತಲಿಗೆ ನನ್ನ ಮೊದಲ ಆಯ್ಕೆ ಗ್ಯಾಸು.

ಪೈಪಿನ ಗ್ಯಾಸಿರುವವರು ಸ್ವತಃ ಪೈಪು ಎಳೆಯದೆ ಮಹಾನಗರ ಗ್ಯಾಸ್ ಕಂಪನಿಗೆ ಅರ್ಜಿ ಕೊಡಬೇಕು. ಸಿಲಿಂಡರಿನ ಬರ್ನರನ್ನು ಪೈಪಿನ ಗ್ಯಾಸಿಗೆ ಹಾಗೆಯೇ ಜೋಡಿಸಲಾಗದು, ಅದರ ತೂತಿನ ಅಳತೆ ಬೇರೆ. ಪೈಪಿನ ಗ್ಯಾಸು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗುತ್ತದೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಸಿಲಿಂಡರನ್ನು ಗುಂಡಿಯಲ್ಲಿ, ಚರಂಡಿಯ ಪಕ್ಕದಲ್ಲಿ, ಗಾಳಿಯಾಡದ ಕಪಾಟಿನಲ್ಲಿ ಇಡಬಾರದು; ಕಪಾಟಿನ ಬುಡದಲ್ಲಿ ಗಾಳಿಕಿಂಡಿ ಇರಲೇಬೇಕು. ಸೋರಿಕೆಯ ಅನುಮಾನ ಬಂದರೆ ಎಲ್‌ಪಿಜಿ ಸಹಾಯವಾಣಿ 1906.

ಕರ್ಜತ್, ಅಲಿಬಾಗ್‌ನ ತೋಟದ ಮನೆಯಲ್ಲಿ, ಸುತ್ತ ಬಯಲಿದ್ದರೆ, ಸೌದೆಗೆ ಅಡ್ಡಿಯಿಲ್ಲ. ಆದರೆ ಹೊಗೆಯೆಂದರೆ ಪೂರ್ತಿ ಉರಿಯದೆ ವ್ಯರ್ಥವಾದ ಸೌದೆ ಎಂಬುದು ನೆನಪಿರಲಿ. ಒಂದು ಮಳೆಗಾಲವನ್ನು ಸೂರಿನಡಿ ಕಳೆದು ಚೆನ್ನಾಗಿ ಒಣಗಿದ ಸೌದೆ, ತೆಂಗಿನ ಚಿಪ್ಪು ಬಳಸಿ. ಹಳೆ ಪೀಠೋಪಕರಣದ ಪ್ಲೈವುಡ್, ಬಣ್ಣ ಬಳಿದ ಹಲಗೆ, ಪ್ಯಾಕಿಂಗ್ ಪೆಟ್ಟಿಗೆ ಬೇಡ. ಅದರ ಅಂಟು-ಬಣ್ಣಗಳ ವಿಷ ಗಾಳಿಗೂ ಊಟಕ್ಕೂ ಸೇರುತ್ತದೆ.

ಒಲೆಯ ರೂಪದಲ್ಲಿ ಕನ್ನಡ ನಾಡೇ ಒಂದು ಪಾಠ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಹಳ್ಳಿಯ ಹೆಣ್ಣುಮಕ್ಕಳ ಕಣ್ಣು, ಶ್ವಾಸಕೋಶ ಉಳಿಸಲು ‘ಅಸ್ತ್ರ ಒಲೆ’ ರೂಪಿಸಿತು. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಟ್ಟು, ಕೆಳಗೆ ಜಾಲರಿಯಿಂದ ಗಾಳಿ ಕೊಟ್ಟು, ಶಾಖ ಒಂದೊಂದೇ ಪಾತ್ರೆಯ ತಳ ಸವರಿ ಕೊನೆಗೆ ಹೊಗೆಕೊಳವೆಯಿಂದ ಹೊರಹೋಗುವಂತೆ ಮಾಡುವುದು ಅದರ ತತ್ತ್ವ. ಸೌದೆ ಉಳಿಯುತ್ತದೆ, ಹೊಗೆ ಇಳಿಯುತ್ತದೆ. ತೋಟದ ಮನೆಯ ಒಲೆಗೆ ಮೇಸ್ತ್ರಿಯಿಂದ ಜಾಲರಿ, ಮುಚ್ಚುಗೂಡು, ಕೊಳವೆ ಈ ಮೂರನ್ನೂ ಮಾಡಿಸಿ.

ಇದ್ದಿಲಿನ ಬಗ್ಗೆ ಒಂದು ಕಟ್ಟೆಚ್ಚರ. ಹೊಗೆ ಕಾಣದ ಕೆಂಡವೂ ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಮಳೆ ಬಂತೆಂದೋ ಚಳಿಯೆಂದೋ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ತರಬೇಡಿ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಚಳಿ ಕಾಯಿಸುವ ಗುಂಡಿ

ಮುಂಬಯಿಯಲ್ಲಿ ಜನವರಿಯ ರಾತ್ರಿಯ ಸರಾಸರಿ ಉಷ್ಣತೆ 16-17 ಡಿಗ್ರಿಯಷ್ಟು. ಸಾಂತಾಕ್ರೂಜ್‌ನ ದಾಖಲೆಯ ಚಳಿ 7.4 ಡಿಗ್ರಿ, ಅದೂ 1962ರ ಜನವರಿಯಲ್ಲಿ. ಬರೀ ನೋಟಕ್ಕೆಂದು ಸೌದೆ ಉರಿಸುವ ಬೆಂಕಿಗುಂಡಿ ನಗರದೊಳಗೆ ಅಗತ್ಯವಿಲ್ಲ, ಅದನ್ನು ಕೈಬಿಡುವುದೇ ಲೇಸು. ದೀಪಗಳ ಬೆಳಕಿನಲ್ಲೂ ಹರಟೆ ಅಷ್ಟೇ ಸೊಗಸಾಗಿರುತ್ತದೆ. ಲೋಣಾವಳಾ, ಕರ್ಜತ್ ಕಡೆ ಚಳಿಯಿರುವಲ್ಲಿ ನೆಲದ ಮಣ್ಣಿನ ಮೇಲೆ, ಇಟ್ಟಿಗೆಯ ಸುತ್ತುಗೋಡೆಯೊಳಗೆ ಸಣ್ಣದಾಗಿ ಹೊತ್ತಿಸಿ, ಸುತ್ತ ಒಣಹುಲ್ಲು ಸವರಿರಿ. ಮೇಜಿನ ಮೇಲಿಡುವ ಎಥನಾಲ್ ಬೆಂಕಿಬಟ್ಟಲು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೆ ಕಾಣದೇ ಇರಬಹುದು. ಬಿಸಿಯಿರುವಾಗ ಮತ್ತೆ ಇಂಧನ ಸುರಿದು ಮೈಸುಟ್ಟುಕೊಂಡವರು ಹಲವರು. ಮಕ್ಕಳಿರುವ ಮನೆಗೆ ಅದು ತಕ್ಕುದಲ್ಲ.

ನಂದಿಸುವ ಶಿಸ್ತು

ಹೊತ್ತಿಸುವ ಮೊದಲೇ ನಂದಿಸುವ ಸಿದ್ಧತೆ ಇರಬೇಕು: ಕೈಗೆಟಕುವ ನೀರಿನ ಕೊಳವೆ, ಮರಳಿನ ಬಕೆಟ್, ಒಣಪುಡಿಯ ಅಗ್ನಿಶಾಮಕ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಗ್ಯಾಸು ಆರಿಸಿ ಮುಚ್ಚಳ ಮುಚ್ಚಬೇಕು. ಬೂದಿಯೊಳಗಿನ ಕೆಂಡ ಮರುದಿನವೂ ಜೀವ ಹಿಡಿದಿರುತ್ತದೆ. ಅದನ್ನು ಕಸದ ಬುಟ್ಟಿಗೋ ತರಗೆಲೆಯ ರಾಶಿಗೋ ಹಾಕದೆ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ತಣಿಸಿ. ಒಲೆಯ ಬಳಿ ಹತ್ತಿ ಬಟ್ಟೆ ತೊಟ್ಟ ಒಬ್ಬ ದೊಡ್ಡವರು ಕೊನೆಯವರೆಗೂ ಇರಲಿ. ಅಗ್ನಿಶಾಮಕ ದಳದ ಸಂಖ್ಯೆ 101 ಮನೆಯ ಎಲ್ಲರಿಗೂ ಬಾಯಿಪಾಠವಿರಲಿ.

ಹಿತ್ತಲ ಒಲೆ ಕಟ್ಟಿಸಬೇಕೆಂದಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಅಂಗಡಿಗೆ ಹೋಗುವ ಮೊದಲು ಪಕ್ಕದ ಮನೆಗೆ ಹೋಗಿ. ಒಲೆ ಎಲ್ಲಿ ಬರುತ್ತದೆ, ತಿಂಗಳಿಗೆ ಎಷ್ಟು ಸಲ ಹೊತ್ತಿಸುತ್ತೀರಿ ಎಂದು ಹೇಳಿ, ಅವರ ಮನೆಯಲ್ಲಿ ಉಬ್ಬಸದವರು, ಎಳೆಮಕ್ಕಳು ಇದ್ದಾರೆಯೇ ಎಂದು ಕೇಳಿ. ಅವರು ಬೇಡವೆಂದರೆ ಜಾಗ ಬದಲಿಸಿ, ಇಲ್ಲವೇ ಇಂಧನ ಬದಲಿಸಿ. ಒಪ್ಪಿದರೆ ಮೇಸ್ತ್ರಿಯನ್ನು ಕರೆಯಿರಿ, ಮೊದಲ ದಿನದ ಊಟಕ್ಕೆ ಆ ನೆರೆಯವರನ್ನೂ ಕರೆಯಿರಿ.